ಜರುಗಿದ ಡಿಸ್ಕು

ಮಾರ್ಚ್ 5, ಮಂಗಳವಾರ

ನೋವು: ಹತ್ತಕ್ಕೆ ಎಂಟು.

ಈ ಪುಸ್ತಕ ನನ್ನ ಆಸೆಯಿಂದ ಶುರುವಾದದ್ದಲ್ಲ. ಬೆನ್ನಿಗೆ ಫಿಸಿಯೋಥೆರಪಿ ಮಾಡುವವಳು ಕೊಟ್ಟು ಹೋದದ್ದು. "ದಿನಾ ನೋವಿಗೆ ಹತ್ತಕ್ಕೆ ಎಷ್ಟು ಅಂತ ಮಾರ್ಕ್ಸ್ ಹಾಕಿ. ಯಾವಾಗ ಶುರುವಾಯ್ತು, ಏನು ಮಾಡ್ತಿದ್ದಾಗ ಶುರುವಾಯ್ತು, ಎಲ್ಲಾ ಬರೀರಿ. ಸುಳ್ಳು ಬರೀಬೇಡಿ, ನಂಗೆ ಬೆನ್ನು ಮುಟ್ಟಿದ್ರೆ ಗೊತ್ತಾಗುತ್ತೆ" ಎಂದಳು. ನೋಡಲು ಕಡ್ಡಿಯಂಥವಳು, ಹೆಬ್ಬೆರಳು ಮಾತ್ರ ಹಾರೆ. ಒಂದು ಸಲ ಒತ್ತಿದರೆ ಹುಟ್ಟಿದಾರಭ್ಯ ಮಾಡಿದ ತಪ್ಪೆಲ್ಲ ಬಾಯಿಗೆ ಬರುತ್ತದೆ. ಇನ್ನು ಮುಂದೆ ಇಲ್ಲಿ ಅವಳ ಹೆಸರು ಹಾರೆಯಮ್ಮ.

ಯಾವಾಗ ಶುರುವಾಯಿತು: ನಿನ್ನೆ, ಸೋಮವಾರ, ಬೆಳಿಗ್ಗೆ ಹತ್ತೂವರೆಗೆ.

ಏನು ಮಾಡುತ್ತಿದ್ದಾಗ: ಅರವತ್ತು ವಿಡಿಯೋ ಗೇಮ್ ಡಿಸ್ಕುಗಳ ರಟ್ಟಿನ ಪೆಟ್ಟಿಗೆ ಹೊತ್ತು ಮೂರನೇ ಮಹಡಿಗೆ ಮೆಟ್ಟಿಲು ಹತ್ತುತ್ತಿದ್ದಾಗ.

ನಮ್ಮ ಬೀದಿಯ ಗೇಮ್ ಅಂಗಡಿ ಮುಚ್ಚಿತು. "ಈಗ ಡಬ್ಬಿ ಯಾರು ತೊಗೋತಾರೆ ಸಾರ್, ಎಲ್ಲಾ ಡೌನ್‌ಲೋಡೇ" ಎಂದು ಅಂಗಡಿಯವನು ಅಳುಮೋರೆ ಮಾಡಿ ಉಳಿದ ಮಾಲನ್ನೆಲ್ಲ ನನ್ನ ತಲೆಗೆ ಕಟ್ಟಿದ. ನಾನೂ ಸಂತೋಷವಾಗಿ ತಲೆ ಕೊಟ್ಟೆ. ಮನೆಯಲ್ಲಿ ಈಗಾಗಲೇ ಒಂದು ಗೋಡೆ ತುಂಬ ಇವೆ. ಹೆಂಡತಿಗೆ "ಪೆಟ್ಟಿಗೇಲಿ ಕನ್ನಡಕದ ಫ್ರೇಮು" ಎಂದಿದ್ದೇನೆ. ನನ್ನದು ಕನ್ನಡಕದ ಅಂಗಡಿಯಾದ್ದರಿಂದ ಆ ಸುಳ್ಳಿಗೆ ಸ್ವಲ್ಪ ಕೈಕಾಲು ಇದೆ. ಪೆಟ್ಟಿಗೆ ಮಂಚದ ಕೆಳಗಿದೆ, ನಾನು ಮಂಚದ ಮೇಲಿದ್ದೇನೆ.

ಲಿಫ್ಟ್ ಇರುವ ಕಟ್ಟಡದಲ್ಲಿ ಮೆಟ್ಟಿಲು ಯಾಕೆ ಹತ್ತಿದಿರಿ ಎಂದು ಹಾರೆಯಮ್ಮ ಕೇಳಿದಳು. ವ್ಯಾಯಾಮಕ್ಕೆ ಎಂದೆ. ಹಾರೆ ಇನ್ನೂ ಒಂದಿಂಚು ಒಳಗೆ ಹೋಯಿತು. ನಿಜ ಏನೆಂದರೆ, ತಿಂಗಳ ಮೊದಲ ಸೋಮವಾರ ಲಿಫ್ಟಿನ ಮೆಕ್ಯಾನಿಕ್ ಬರುವ ದಿನ. ಅವನು ಲಿಫ್ಟಿನಲ್ಲಿರುವಾಗ ನಾನು ಲಿಫ್ಟ್ ಹತ್ತುವುದಿಲ್ಲ. ಹನ್ನೊಂದು ವರ್ಷದಿಂದ ಹತ್ತಿಲ್ಲ. ಲಿಫ್ಟಿನವನು ನನ್ನ ಸ್ವಂತ ಅಣ್ಣ.

ಮಾರ್ಚ್ 6, ಬುಧವಾರ

ನೋವು: ಏಳು. ಮಾನದ ನೋವು: ಹತ್ತು.

ಹೆಂಡತಿ ತನ್ನ ತಮ್ಮನಿಗೆ ಫೋನ್ ಮಾಡಿದಳು. ನಾನು ಪಕ್ಕದಲ್ಲೇ ಮರದ ಕೊರಡಿನಂತೆ ಮಲಗಿದ್ದೆ.

"ಇವರ ಡಿಸ್ಕ್ ಜರುಗಿದೆ ಕಣೋ."

"ಹೋಗ್ಲಿ ಬಿಡಕ್ಕ, ಇನ್ನೂರು ಇದೆಯಲ್ಲ ಭಾವನ ಹತ್ರ."

"ಅದಲ್ವೋ, ಬೆನ್ನಿಂದು!"

ಆ ಕಡೆಯಿಂದ ಪಕ್ಕದ ಮನೆಗೂ ಕೇಳುವಂಥ ನಗು. "ಬೆನ್ನಿಂದೂ ಡಿಸ್ಕೇನಾ? ಡಿಸ್ಕ್ ಸಹವಾಸ ಬೇಡ ಅಂತ ಭಾವಂಗೆ ಆವತ್ತೇ ಹೇಳಿದ್ದೆ!"

ಈ ಭಾವಮೈದುನ ಆಟಗಳನ್ನೆಲ್ಲ ಡೌನ್‌ಲೋಡ್ ಮಾಡಿಕೊಳ್ಳುವ ಜಾತಿ. ಏನು ಕೇಳಿದರೂ "ಕ್ಲೌಡಲ್ಲಿದೆ ಭಾವ" ಎನ್ನುತ್ತಾನೆ. ನಾನು ಅವನಿಗೆ ಮೋಡರಾಯ ಎಂದು ಹೆಸರಿಟ್ಟಿದ್ದೇನೆ. ಹೆಂಡತಿ ಹಗಲೆಲ್ಲ ಲಾಂಡ್ರಿಯ ಕೌಂಟರಿನಲ್ಲಿರುವುದರಿಂದ ನನ್ನನ್ನು ನೋಡಿಕೊಳ್ಳಲು ಅತ್ತೆಯನ್ನು ಕರೆಸುತ್ತಿದ್ದಾಳೆ. ಮೋಡರಾಯನೇ ಕರೆತರುತ್ತಾನಂತೆ. ಗಾಯಕ್ಕೆ ಉಪ್ಪು ಪಾರ್ಸೆಲ್ ಬರುತ್ತಿದೆ.

ಮಾರ್ಚ್ 8, ಶುಕ್ರವಾರ

ನೋವು: ಏಳು.

ಅತ್ತೆ ಬಂದರು. ಮೂವತ್ನಾಲ್ಕು ವರ್ಷ ಲೈಬ್ರರಿ ನಡೆಸಿ ನಿವೃತ್ತರಾದವರು. ಮನೆಗೆ ಕಾಲಿಟ್ಟವರು ಅಳಿಯನ ಮುಖ ನೋಡುವ ಮೊದಲು ಗೋಡೆ ನೋಡಿದರು.

"ಇವು ಯಾವ ಕ್ರಮದಲ್ಲಿವೆ ಅಳಿಯಂದ್ರೇ?"

"ಕೊಂಡ ಕ್ರಮದಲ್ಲಿ ಅತ್ತೆ."

"ಅಂದ್ರೆ ಯಾವ ಕ್ರಮವೂ ಇಲ್ಲ ಅನ್ನಿ."

ಆಮೇಲೆ ಕೈಚೀಲ ಇಳಿಸುತ್ತ ಇನ್ನೊಂದು ಮಾತು ಹೇಳಿದರು. "ನಿಮ್ಮ ಲಿಫ್ಟು ಒಂದು ವಿಚಿತ್ರ ನೋಡಿ. ನಾನು ಎರಡನೇ ಮಹಡೀಲಿ ತಪ್ಪಿ ಇಳಿದೆ, ಎಡವಿ ಬೀಳೋದ್ರಲ್ಲಿದ್ದೆ, ಅಷ್ಟು ಮೇಲೆ ನಿಂತಿತ್ತು. ನಿಮ್ಮ ಮೂರನೇ ಮಹಡೀಲಿ ಮಾತ್ರ ನೆಲಕ್ಕೆ ಸಮ, ಒಂದು ಕೂದಲು ಏರುಪೇರಿಲ್ಲ. ಯಾರೋ ಕಾಳಜಿಯಿಂದ ಮಾಡಿದ್ದಾರೆ."

ಕಾಕತಾಳೀಯ ಎಂದೆ.

ಊಟದ ಹೊತ್ತಿಗೆ ಮೋಡರಾಯನ ಭಾಷಣ. "ಡಬ್ಬಿ ಕೊಳ್ಳೋದು ಇನ್ನೂ ಲಾಭಾನಾ ಭಾವ? ಜಾಗ ತಿನ್ನುತ್ತೆ, ಧೂಳು ತಿನ್ನುತ್ತೆ, ಈಗ ಬೆನ್ನೂ ತಿಂತು." ನಾನು ಮಲಗಿದಲ್ಲಿಂದಲೇ ಗುಡುಗಿದೆ. ಡಿಸ್ಕ್ ನನ್ನ ಸ್ವಂತದ್ದು. ಯಾವ ಕಂಪನಿಯೂ ಮಧ್ಯರಾತ್ರಿ ಬಂದು ಗೋಡೆಯಿಂದ ಕಿತ್ತುಕೊಂಡು ಹೋಗಲಾರದು. ಬೇಕೆಂದರೆ ಮಾರಬಹುದು. ಇನ್ನೊಬ್ಬರಿಗೆ ಕೊಡಬಹುದು.

ಅತ್ತೆ ತಟ್ಟೆಯಿಂದ ತಲೆ ಎತ್ತಿದರು. "ಯಾರಿಗೆ ಕೊಟ್ಟಿದ್ದೀರಿ?"

ಬೆನ್ನು ನೋಯುತ್ತಿದೆ ಎಂದು ಗೋಡೆ ಕಡೆ ತಿರುಗಿದೆ.

ಮಾರ್ಚ್ 10, ಭಾನುವಾರ

ನೋವು: ಆರು.

ಒಂದೇ ಒಂದು ಸಲ ಕೊಟ್ಟಿದ್ದೆ. ಅದನ್ನು ಇಲ್ಲಿ ಬರೆದುಬಿಡುತ್ತೇನೆ, ಹಾರೆಯಮ್ಮ ಓದಿದರೂ ಚಿಂತೆಯಿಲ್ಲ.

ದೋಣಿ ಆಟ. ಇಬ್ಬರೇ ಆಡಬೇಕು: ಒಬ್ಬ ಹುಟ್ಟು ಹಾಕಬೇಕು, ಇನ್ನೊಬ್ಬ ದಿಕ್ಕು ತಿರುಗಿಸಬೇಕು. ಒಬ್ಬನೇ ಕೂತರೆ ದೋಣಿ ಗಿರಗಿರ ಸುತ್ತುತ್ತದೆ. ನಾನೂ ಲಿಫ್ಟಿನವನೂ ಮೂರು ವರ್ಷ ಭಾನುವಾರ ಭಾನುವಾರ ಆಡಿದೆವು. ಅವನು ಹುಟ್ಟು, ನಾನು ದಿಕ್ಕು. ಕೊನೆಯಲ್ಲಿ ಒಂದು ಜಲಪಾತ ಬರುತ್ತದೆ, ಅದನ್ನು ದಾಟಲು ಮಾತ್ರ ಆಗಲಿಲ್ಲ. ಆಗ ಅವನು "ಮಗಳಿಗೆ ತೋರಿಸ್ತೀನಿ, ಒಂದು ವಾರ ಕೊಡೋ" ಎಂದು ಡಿಸ್ಕನ್ನಷ್ಟೇ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದ. ಡಬ್ಬಿ ಇಲ್ಲೇ ಉಳಿಯಿತು. ತಿಂಗಳಾದರೂ ಡಿಸ್ಕ್ ಬರಲಿಲ್ಲ. ಕೇಳಿದರೆ, "ಕೊಟ್ಟೆ ಕಣೋ! ನಿನ್ನ ಕೈಗೇ ಕೊಟ್ಟೆ. ನೀನು ಮೀನು ಹಿಡಿಯೋ ಆಟದಲ್ಲಿದ್ದೆ. ತಿರುಗೀನೂ ನೋಡ್ದೆ ಹೂಂ ಹೂಂ ಅಂದೆ" ಎಂದ.

ಎಷ್ಟು ನುಣ್ಣನೆಯ ಸುಳ್ಳು! ಇದೇ ಮನೆಯಲ್ಲಿ, ಊಟಕ್ಕೆ ಬಂದಿದ್ದ ಹನ್ನೆರಡು ಜನರೆದುರು ಅವನನ್ನು ಕಳ್ಳ ಎಂದೆ. ಅವನು ಕೈ ತೊಳೆದು ಎದ್ದ. "ಇನ್ನು ನಿನ್ನ ಮನೆ ಹೊಸ್ತಿಲು ತುಳಿದ್ರೆ ಕೇಳು" ಎಂದ. ತುಳಿದಿಲ್ಲ. ನಮ್ಮ ಮಹಡಿಯಲ್ಲಿ ಲಿಫ್ಟಿನೊಳಗಿಂದ ಹೊರಗೆ ಕಾಲೂ ಇಟ್ಟಿಲ್ಲ.

ಖಾಲಿ ಡಬ್ಬಿಯನ್ನು ಗೋಡೆಯ ನಟ್ಟನಡುವೆ ಇಟ್ಟಿದ್ದೇನೆ, ಸಾಕ್ಷಿಗೆ. ಅದನ್ನು ನೋಡಿದಾಗೆಲ್ಲ ಹೆಂಡತಿ ಒಂದೇ ಮಾತು ಹೇಳುತ್ತಾಳೆ. ಇವತ್ತೂ ಧೂಳು ಒರೆಸುತ್ತ ಹೇಳಿದಳು. "ಇಪ್ಪತ್ತು ವರ್ಷದಲ್ಲಿ ನಮ್ಮ ಲಾಂಡ್ರೀಲಿ ಒಂದಂಗೀನೂ ಕಳೆದಿಲ್ಲ ರೀ. ಬೇರೆಯವರ ಗಂಟಿಗೆ ಸೇರಿರುತ್ತೆ, ಅಷ್ಟೆ."

ಅಂಗಿಗೂ ಡಿಸ್ಕಿಗೂ ಏನು ಸಂಬಂಧವೋ.

ಮಾರ್ಚ್ 13, ಬುಧವಾರ

ನೋವು: ಆರು. ಮಧ್ಯಾಹ್ನದ ನಂತರ ಒಂಬತ್ತು.

ಅತ್ತೆ ಮಂಚದ ಕೆಳಗೆ ಗುಡಿಸಲು ಹೋಗಿ ಪೆಟ್ಟಿಗೆ ಎಳೆದರು. ಸಂಜೆ ಹೆಂಡತಿ ಬಂದು, ಒಂದು ಡಬ್ಬಿ ಕೈಗೆತ್ತಿಕೊಂಡು, ಅದನ್ನು ಕಣ್ಣ ಮುಂದೆ ಹಿಡಿದು, "ಈ ಫ್ರೇಮು ನಂಗೆ ಚೆನ್ನಾಗಿ ಕಾಣುತ್ತಾ?" ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತೀರ್ಪು: ಗೋಡೆಯನ್ನೂ ಪೆಟ್ಟಿಗೆಯನ್ನೂ ಅತ್ತೆ ಪರಿಶೀಲಿಸಿ ಪಟ್ಟಿ ಮಾಡುತ್ತಾರೆ. ಬೇಡದ್ದು ಮನೆಯಿಂದ ಹೊರಗೆ. ಅತ್ತೆಯ ಮುಖದಲ್ಲಿ ಇಪ್ಪತ್ತು ವರ್ಷ ಇಳಿದುಹೋಯಿತು. ರೂಲು ಎಳೆದ ದೊಡ್ಡ ರಿಜಿಸ್ಟರು, ಕತ್ತರಿಸಿದ ಕಾರ್ಡುಗಳು, ಅಷ್ಟೇ ಅಲ್ಲ, ಎಲ್ಲಿಂದಲೋ ಒಂದು ತಾರೀಕಿನ ರಬ್ಬರ್ ಸ್ಟ್ಯಾಂಪು! ನಿವೃತ್ತಿಯ ದಿನ ಅದನ್ನು ಲೈಬ್ರರಿಯಿಂದ ಹೊತ್ತು ತಂದಿದ್ದರಂತೆ.

"ಸೀಲು ಒಡೀಬೇಡಿ ಅತ್ತೆ" ಎಂದು ಕೈಮುಗಿದೆ. "ಸೀಲು ಇದ್ರೇನೇ ಬೆಲೆ."

"ಓದದೇ ಇರೋ ಪುಸ್ತಕಕ್ಕೆ ನಮ್ಮಲ್ಲಿ ಬೇರೆ ಹೆಸರಿತ್ತು" ಎಂದರು. "ಗೆದ್ದಲಿನ ಊಟ."

ಮಾರ್ಚ್ 16, ಶನಿವಾರ

ನೋವು: ಐದು. ಬೇರೆ ಕಡೆ ನೋವು: ಬರೆಯಲಾರೆ.

ಪೆಟ್ಟಿಗೆಯಲ್ಲಿ ಒಂದು ರತ್ನವಿತ್ತು. ದಪ್ಪ ಡಬ್ಬಿ, ಮುಚ್ಚಳದ ಮೇಲೆ ಚಿನ್ನದ ಅಕ್ಷರ, ಸೀಲು ಹಾಗೇ ಇತ್ತು. ಮೋಡರಾಯ ಬಂದಿದ್ದ. ಅವನಿಗೆ ಪಾಠ ಕಲಿಸಬೇಕೆಂದು ನಾನೇ ಮೈಮರೆತು, "ಒಡೀರಿ ಅತ್ತೆ, ಇದನ್ನ ಒಡೀರಿ! ಕೈಯಲ್ಲಿ ಹಿಡಿಯೋ ಆಟ ಹೇಗಿರುತ್ತೆ ಅಂತ ಇವನೂ ನೋಡ್ಲಿ" ಎಂದೆ.

ಅತ್ತೆ ಒಡೆದರು. ಒಳಗೆ ಡಿಸ್ಕ್ ಇರಲಿಲ್ಲ. ಒಂದು ಚೀಟಿ ಇತ್ತು. ಅದರ ಮೇಲೆ ಹದಿನಾರು ಅಕ್ಷರ, ಕೆಳಗೆ ಸಣ್ಣದಾಗಿ ಒಂದು ಸೂಚನೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: "ಈ ಸಂಖ್ಯೆ ಬಳಸಿ ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳಿ." ಇನ್ನೂ ಕೆಳಗೆ ಗಡುವಿನ ದಿನ. ಅದು ಮುಗಿದು ಎರಡು ವರ್ಷವಾಗಿತ್ತು.

ಮೋಡರಾಯ ನಗಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಮೆಲ್ಲಗೆ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹೋದ, ಅಲ್ಲಿಂದ ನಗು ಕೇಳಿಸಿತು.

ಅತ್ತೆ ರಿಜಿಸ್ಟರಿನಲ್ಲಿ ಬರೆದರು: "ಮುಚ್ಚಳ ಇದೆ. ಗ್ರಂಥ ಇಲ್ಲ."

ಮಾರ್ಚ್ 17, ಭಾನುವಾರ

ನೋವು: ಐದು.

ದೇವರಿದ್ದಾನೆ. ಮೋಡರಾಯ ಬೆಳಿಗ್ಗೆಯೇ ಬಂದ, ಮುಖ ಹುಳಿಹುಳಿ. ಅವನು ನಾಲ್ಕು ವರ್ಷದಿಂದ ಒಂದು ಊರು ಕಟ್ಟುತ್ತಿದ್ದ, ಆಟದೊಳಗೆ. ಸೇತುವೆ, ಆಸ್ಪತ್ರೆ, ನೀರಿನ ಟ್ಯಾಂಕು, ಎಲ್ಲ. ಕಂಪನಿಯವರು ಆ ಆಟವನ್ನು ನಿಲ್ಲಿಸಿದರಂತೆ. ನಿನ್ನೆ ತೆರೆದರೆ ಊರೂ ಇಲ್ಲ, ಊರಿನ ದಾರಿಯೂ ಇಲ್ಲ. "ವಂದನೆಗಳು" ಎಂದು ಒಂದೇ ಒಂದು ಸಾಲು.

ನಗಬೇಕೆಂದು ತುಂಬ ಇಷ್ಟವಿತ್ತು. "ನಲವತ್ತು ಸಾವಿರ ಜನ ಇದ್ರು ಭಾವ ಅದ್ರಲ್ಲಿ" ಎಂದು ಅವನು ಅಂದಾಗ ಯಾಕೋ ಆಗಲಿಲ್ಲ. ಅವನಿಗೆ ಚಹಾ ಕೊಡಲು ಹೇಳಿದೆ. ಇಬ್ಬರೂ ಬಿಸ್ಕತ್ತು ಅದ್ದಿಕೊಂಡು ತಿಂದೆವು. ಡಬ್ಬಿ ಸರಿಯೋ ಮೋಡ ಸರಿಯೋ ಎಂಬ ವಾದ ಇವತ್ತು ಯಾರೂ ಎತ್ತಲಿಲ್ಲ.

ಹೊರಡುವಾಗ ಅವನಿಗೆ ಒಂದು ಡಿಸ್ಕ್ ಕೊಟ್ಟೆ, ಊರು ಕಟ್ಟುವುದೇ, ಹಳೆಯದು. ಅಂದರೆ ಕೊಟ್ಟುಬಿಡಲಿಲ್ಲ, ಅತ್ತೆ ಕಾರ್ಡ್ ಬರೆದು ಸ್ಟ್ಯಾಂಪು ಹೊಡೆದು ಎರವಲು ಕೊಡಿಸಿದರು. ಎರಡಕ್ಕೂ ವ್ಯತ್ಯಾಸವಿದೆ.

ಮಾರ್ಚ್ 20, ಬುಧವಾರ

ಅತ್ತೆ ಕೆಳಗಿನ ಅಂಗಡಿಯ ಕ್ಷೌರಿಕನಿಗೆ ಫುಟ್‌ಬಾಲ್ ಆಟ ಕೊಟ್ಟಿದ್ದಾರೆ. ನನ್ನನ್ನು ಕೇಳದೆ! ಅವನು ಸಾಯಂಕಾಲ ಮೇಲೆ ಬಂದು, ಮಲಗಿದ್ದಂತೆಯೇ ನನ್ನ ಕೂದಲು ಕತ್ತರಿಸಿ, ಅರ್ಧ ಗಂಟೆ ಗೋಲುಗಳ ವರ್ಣನೆ ಮಾಡಿ ಹೋದ. ಆ ಆಟದಲ್ಲಿ ಮಳೆ ಬರುತ್ತದಂತೆ. ನನಗೇ ಗೊತ್ತಿರಲಿಲ್ಲ. ಆರು ವರ್ಷದಿಂದ ಗೋಡೆಯಲ್ಲಿತ್ತು.

ನೋವು: ಐದೋ ನಾಲ್ಕೋ.

ಮಾರ್ಚ್ 23, ಶನಿವಾರ

ಬರೆದದ್ದನ್ನು ಎರಡು ಸಲ ಹೊಡೆದುಹಾಕಿದೆ. ಬೆನ್ನಿನಿಂದಲ್ಲ.

ಅತ್ತೆ ಗೋಡೆಯ ಪರಿಶೀಲನೆ ಶುರುಮಾಡಿದ್ದರು. ಲೈಬ್ರರಿಯಲ್ಲಿ ವರ್ಷಕ್ಕೊಮ್ಮೆ ಪ್ರತಿ ಪುಸ್ತಕವನ್ನೂ ತೆರೆದು ನೋಡುತ್ತಿದ್ದರಂತೆ, ಹಾಗೆಯೇ ಪ್ರತಿ ಡಬ್ಬಿಯನ್ನೂ ತೆರೆದರು. ನಾನು ಮಂಚದ ಮೇಲಿಂದ ಹೆಸರು ಹೇಳುವುದು, ಅವರು ಬರೆಯುವುದು.

"ಕಾರ್ ರೇಸು" ಎಂದೆ.

"ಡಬ್ಬಿ ಕಾರ್ ರೇಸು. ಒಳಗೆ ಮೀನು" ಎಂದರು.

"ಮೀನಾ?"

"ಮೀನು ಹಿಡಿಯೋ ಆಟದ ಡಿಸ್ಕು. ಹಾಗಾದ್ರೆ ಮೀನಿನ ಡಬ್ಬಿ ಖಾಲಿ ಇರಬೇಕು, ಎಲ್ಲಿ ಕೊಡಿ." ಅವರೇ ತೆಗೆದರು, ತೆರೆದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆ ಕನ್ನಡಕ ನಾನೇ ಮಾಡಿಕೊಟ್ಟದ್ದು, ನಂಬರ್ ಸರಿಯಾಗಿದೆ.

"ಅಳಿಯಂದ್ರೇ, ಮೀನಿನ ಡಬ್ಬೀಲಿ ದೋಣಿ ಇದೆ."

ಮೋಡರಾಯನನ್ನು ಕರೆಸಿ ಅಟ್ಟದಿಂದ ಆಟ ಆಡುವ ಹಳೇ ಯಂತ್ರ ಇಳಿಸಿದೆವು. ಗುಂಡಿ ಒತ್ತಿದರೆ ಅದರ ಹೊಟ್ಟೆಯಿಂದ ಕಾರ್ ರೇಸಿನ ಡಿಸ್ಕು ನಾಲಿಗೆ ಚಾಚಿದಂತೆ ಹೊರಗೆ ಬಂತು.

ಈಗ ಬರೆಯದೆ ವಿಧಿಯಿಲ್ಲ. ಆವತ್ತು ಯಂತ್ರದೊಳಗೆ ಮೀನು ಓಡುತ್ತಿತ್ತು, ಅದರ ಡಬ್ಬಿ ಪಕ್ಕದಲ್ಲಿ ಬಾಯಿ ತೆರೆದು ಬಿದ್ದಿತ್ತು. ಯಾರೋ ಕೈಗೆ ದೋಣಿ ಕೊಟ್ಟರು. ನಾನು ಹೂಂ ಹೂಂ ಎಂದು ಅದನ್ನು ತೆರೆದಿದ್ದ ಡಬ್ಬಿಗೆ ಸೇರಿಸಿದೆ. ಆಮೇಲೆ ಕಾರ್ ಆಡಬೇಕೆನಿಸಿತು. ಮೀನನ್ನು ತೆಗೆದು ಕಾರಿನ ಡಬ್ಬಿಗೆ ತುರುಕಿದೆ. ಡಿಸ್ಕ್ ಇಟ್ಟುಕೊಂಡಿರುವ ಸೋಮಾರಿಗಳೆಲ್ಲ ಮಾಡುವುದು ಇದನ್ನೇ. ಎದ್ದು ಹೋಗಿ ಸರಿಯಾದ ಡಬ್ಬಿ ತರಲು ಯಾರಿಗೆ ವ್ಯವಧಾನ? ಅಷ್ಟರಲ್ಲಿ ಹೊಸ ಯಂತ್ರ ಬಂತು, ಹಳೆಯದು ಅಟ್ಟ ಸೇರಿತು. ಆ ಡಬ್ಬಿಗಳನ್ನು ಆಮೇಲೆ ನಾನು ಒಂದು ಸಲವೂ ತೆರೆದಿಲ್ಲ. ಹನ್ನೊಂದು ವರ್ಷ ಬರೀ ಬೆನ್ನು ನೋಡಿ ಎಣಿಸಿದೆ.

ಅಣ್ಣ ಕೊಟ್ಟಿದ್ದ. ನನ್ನ ಕೈಗೇ ಕೊಟ್ಟಿದ್ದ.

ಸಾಯಂಕಾಲ ಹೆಂಡತಿಗೆ ಹೇಳಿದೆ. "ಬೇರೆಯವರ ಗಂಟಿಗೆ ಸೇರಿರುತ್ತೆ ಅಂತ ಹೇಳಿರಲಿಲ್ವಾ" ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಮಂಚದ ಅಂಚಿಗೆ ಕೂತು ನನ್ನ ಕಾಲು ಒತ್ತಿದಳು.

ಮಾರ್ಚ್ 24, ಭಾನುವಾರ

ಏನೂ ಬರೆಯಬೇಕೆನಿಸುವುದಿಲ್ಲ.

ಮಾರ್ಚ್ 26, ಮಂಗಳವಾರ

ಉಪಾಯಗಳು ಹೊಳೆದಿವೆ. ಡಿಸ್ಕನ್ನು ಅಣ್ಣನ ಮನೆಗೆ ಗುಟ್ಟಾಗಿ ಸೇರಿಸಿ ಅವನಿಗೇ ಸಿಗುವಂತೆ ಮಾಡಬಹುದು. ಹೆಂಡತಿ: "ಛೀ, ಕಳ್ಳ ಅಂದಿದ್ದು ಸಾಲದು ಅಂತ ಕದ್ದ ಮಾಲೂ ಇಟ್ಟು ಬರ್ತೀರಾ?" ಇಲ್ಲವೇ ಮೆಸೇಜು ಕಳಿಸಬಹುದು. ಬರೆದೂ ಬರೆದೆ: "ಡಿಸ್ಕ್ ವಿಚಾರದಲ್ಲಿ ಇಬ್ಬರ ಕಡೆಯಿಂದಲೂ ಸ್ವಲ್ಪ ತಪ್ಪು ತಿಳಿವಳಿಕೆ ಆಗಿರುವ ಸಾಧ್ಯತೆ." ಅತ್ತೆಗೆ ಓದಿ ಹೇಳಿದೆ.

"ಇಬ್ಬರ ಕಡೆಯಿಂದಲಾ?" ಎಂದರು. ಅಳಿಸಿದೆ.

"ನಿಮ್ಮಣ್ಣ ಸೋಮವಾರ ಬರ್ತಾರೆ" ಎಂದಳು ಹೆಂಡತಿ. "ನಿಮಗೆ ಹದಿನೈದು ಹೆಜ್ಜೆ. ಬಾಗಿಲಿಂದ ಲಿಫ್ಟಿನವರೆಗೆ."

"ಬೆನ್ನು..."

"ಬೆನ್ನಿನ ಸುದ್ದಿ ಎತ್ತಬೇಡಿ. ನೆನ್ನೆ ನಾನು ಇಲ್ಲ ಅಂದ್ಕೊಂಡು ಎದ್ದು ಹೋಗಿ ಬಿಸ್ಕತ್ತು ಡಬ್ಬಿ ತೆಗೆದಿದ್ದು ಯಾರು?"

ಹೆದರಿಕೆಯಾಗುತ್ತದೆ. ಬೈದರೆ ಬೈಸಿಕೊಳ್ಳಬಹುದು. ಸುಮ್ಮನೆ ಬಾಗಿಲು ಮುಚ್ಚಿಕೊಂಡು ಲಿಫ್ಟ್ ಕೆಳಗೆ ಇಳಿಸಿಬಿಟ್ಟರೆ?

ಮಾರ್ಚ್ 31, ಭಾನುವಾರ

ಹಾರೆಯಮ್ಮ ಬಂದು, "ನೋವಿನ ಮಾರ್ಕ್ಸೇ ಇಲ್ವಲ್ಲ, ವಾರದಿಂದ ಬರೀ ಕಥೆ ಬರೆದಿದ್ದೀರಿ" ಎಂದು ರೇಗಿದಳು. ನಾಲ್ಕು ಎಂದೆ. ನಾಳೆ ಹದಿನೈದು ಹೆಜ್ಜೆ ನಡೆಯಬಹುದೇ ಎಂದು ಕೇಳಿದೆ. ಆಗಲ್ಲ ಎನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. "ನಡೀರಿ, ಐವತ್ತು ಬೇಕಾದ್ರೂ ನಡೀರಿ" ಎಂದಳು.

ಏಪ್ರಿಲ್ 1, ಸೋಮವಾರ

ಎಲ್ಲಿಂದ ಶುರುಮಾಡಲಿ.

ಹತ್ತು ಗಂಟೆಗೆ ಲಿಫ್ಟಿನ ಸದ್ದು ಬಂತು. ಹೆಂಡತಿ ಸೊಂಟದ ಪಟ್ಟಿ ಬಿಗಿದು, ಡಿಸ್ಕನ್ನು ಕೈಯಲ್ಲಿಟ್ಟು, "ಬಂದು ಸುದ್ದಿ ಹೇಳಿ" ಎಂದು ಲಾಂಡ್ರಿಗೆ ಮೆಟ್ಟಿಲಿಳಿದು ಹೋದಳು. ಹದಿನೈದು ಹೆಜ್ಜೆಯಲ್ಲಿ ಮೂರು ಸಲ ನಿಂತೆ.

ಲಿಫ್ಟು ಮೂರನೇ ಮಹಡಿಯಲ್ಲೇ ಬಾಗಿಲು ತೆರೆದು ನಿಂತಿತ್ತು. ಬಾಗಿಲಿಗೆ "ಕೆಲಸ ನಡೆಯುತ್ತಿದೆ" ಎಂಬ ಬೋರ್ಡು. ಅಣ್ಣ ನನಗೆ ಬೆನ್ನು ಹಾಕಿ ಗುಂಡಿಗಳ ತಗಡು ಬಿಚ್ಚುತ್ತಿದ್ದ. ಹಿಂದಲೆಯ ಕೂದಲು ಪೂರ್ತಿ ಬೆಳ್ಳಗಾಗಿದೆ. ಅವನೆಂದು ಗೊತ್ತಿರದಿದ್ದರೆ ಅಪ್ಪ ಅಂದುಕೊಳ್ಳುತ್ತಿದ್ದೆ.

"ಡಿಸ್ಕು..." ಎಂದೆ.

"ಜರುಗಿದೆಯಂತೆ" ಎಂದ, ತಗಡಿಗೆ. "ಕೆಳಗಡೆ ಕ್ಷೌರಿಕ ಹೇಳ್ದ."

"ಅದಲ್ಲ. ಆ ಡಿಸ್ಕು."

ಸ್ಪ್ಯಾನರ್ ನಿಂತಿತು.

"ಸಿಕ್ತು. ನನ್ನ ಹತ್ರಾನೇ ಇತ್ತು. ಮೀನಿನ ಡಬ್ಬೀಲಿ. ನಾನೇ ಇಟ್ಟಿದ್ದೆ. ನೀನು ಕೊಟ್ಟಿದ್ದೆ ಕಣೋ."

ಅವನು ತಿರುಗಿದ. ನನ್ನನ್ನು ನೋಡಿದ, ಡಿಸ್ಕ್ ನೋಡಿದ, ಜೇಬಿನಿಂದ ಫೋನ್ ತೆಗೆದು ತಾರೀಕು ನೋಡಿದ. "ಇವತ್ತು ಏಪ್ರಿಲ್ ಒಂದು."

"ಅಯ್ಯೋ, ಫೂಲ್ ಮಾಡ್ತಿಲ್ಲ ಕಣೋ!"

"ಹನ್ನೊಂದು ವರ್ಷ ಮಾಡಿದ್ದು ಸಾಲ್ದು ಅಂತ ಬಂದ್ಯಾ?"

ನಾನು ಆಣೆ ಮಾಡಿದೆ, ನಂಬಲಿಲ್ಲ. ಆಗ ಹಿಂದಿನಿಂದ ಚಪ್ಪಲಿ ಸದ್ದು. ಅತ್ತೆ, ಕಂಕುಳಲ್ಲಿ ರಿಜಿಸ್ಟರು. ಪುಟ ತೆರೆದು ಅಣ್ಣನ ಮೂಗಿನ ಕೆಳಗೆ ಹಿಡಿದರು. "ಓದಪ್ಪ" ಎಂದರು. ಅವನು ಓದಿದ. ಆಟ: ದೋಣಿ. ಪಡೆದವರು: ಅಳಿಯನ ಅಣ್ಣ. ಹಿಂದಿರುಗಿಸಿದ್ದು: ಹನ್ನೊಂದು ವರ್ಷದ ಹಿಂದೆ, ಸಕಾಲದಲ್ಲಿ. ತಪ್ಪಾಗಿ ಇಟ್ಟವರು: ಅಳಿಯ. ಕೆಳಗೆ ಸ್ಟ್ಯಾಂಪು.

ಅಣ್ಣ ಅದನ್ನು ಎರಡನೇ ಸಲ ಓದಿದ. ಸ್ಟ್ಯಾಂಪಿನ ಮೇಲೆ ಹೆಬ್ಬೆರಳು ಆಡಿಸಿದ. ತುಟಿ ಬಿಗಿ ಹಿಡಿದದ್ದು ಕಂಡಿತು.

ಲಿಫ್ಟು ನಿಂತಿದ್ದರಿಂದ ಕಟ್ಟಡದವರೆಲ್ಲ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಜಗಳ ಎಂದು ತಿಳಿದು ಒಬ್ಬೊಬ್ಬರಾಗಿ ನಿಂತರು. ನಿಲ್ಲಲಿ ಎಂದುಕೊಂಡೆ. "ನನ್ನ ಅಣ್ಣ ಕಳ್ಳ ಅಲ್ಲ!" ಎಂದೆ, ಗಟ್ಟಿಯಾಗಿ. "ನಾನು ಕತ್ತೆ. ತಪ್ಪಾಯ್ತು." ಹನ್ನೆರಡು ಜನರೆದುರು ಆಡಿದ ಮಾತನ್ನು ಹದಿನಾಲ್ಕು ಜನರೆದುರು ನುಂಗಿದೆ. ಒಬ್ಬಾಕೆ, "ಸರಿ, ಲಿಫ್ಟ್ ಯಾವಾಗ ಸರಿಯಾಗುತ್ತೆ?" ಎಂದು ಕೇಳಿದಳು.

ಅಣ್ಣ ಕುಕ್ಕರುಗಾಲಲ್ಲಿ ಕೂತು ಸಲಕರಣೆ ಪೆಟ್ಟಿಗೆ ತೆರೆದ. ಸ್ಕ್ರೂಡ್ರೈವರು, ಗ್ರೀಸಿನ ಡಬ್ಬಿ, ತಂತಿಯ ಸುರುಳಿ, ಎಲ್ಲವನ್ನೂ ಹೊರಗಿಟ್ಟ. ತಳದಿಂದ ಹಳೇ ಬಟ್ಟೆ ಸುತ್ತಿದ ಚಪ್ಪಟೆ ಗಂಟು ತೆಗೆದ. ಬಿಚ್ಚಿದ.

ದೋಣಿ ಆಟ. ಹೊಚ್ಚಹೊಸದು. ಸೀಲು ಕೂಡ ಒಡೆದಿಲ್ಲ.

"ಇದು ಯಾವಾಗ..."

"ನೀನು ಕಳ್ಳ ಅಂದ ಮೂರನೇ ದಿನ. ತಂದು ನಿನ್ನ ಮುಖಕ್ಕೆ ಬಿಸಾಕೋಣ ಅಂತ ಕೊಂಡೆ. ಆಮೇಲೆ ಯೋಚ್ನೆ ಬಂತು, ಕೊಟ್ರೆ ಕದ್ದಿದ್ದು ನಿಜ ಅಂತ ಆಗುತ್ತಲ್ಲ."

"ಹಾಗಾದ್ರೆ ಯಾರಿಗಾದ್ರೂ ಕೊಟ್ಟುಬಿಡಬೇಕಿತ್ತು."

"ಆಮೇಲೆ ನಿಂಗೇನು ಕೊಡ್ಲಿ?" ಎಂದು ರೇಗಿದ. "ತಿಂಗಳು ತಿಂಗಳು ತರ್ತಿದ್ದೆ. ಇವತ್ತು ಕೊಡ್ತೀನಿ ಅಂತ ಮೂರರ ಗುಂಡಿ ಒತ್ತೋದು. ಬಾ ಅಂತ ನೀನು ಒಂದು ಮಾತು ಅಂದಿದ್ರೆ... ಬಾಗಿಲು ತೆಗೀತಿತ್ತು, ಮುಚ್ತಿತ್ತು."

"ಅದಕ್ಕೇ ಮೂರನೇ ಮಹಡೀಲಿ ನೆಲಕ್ಕೆ ಸಮ ನಿಲ್ಲುತ್ತೆ" ಎಂದರು ಅತ್ತೆ.

ನನಗೆ ಅಳು ಬಂತು. ಬೆನ್ನು ನೋವೆಂದು ತಿಳಿದು ಯಾರೋ ಕುರ್ಚಿ ತಂದರು.

"ಒಳಗೆ ಬಾ" ಎಂದೆ. "ಹೊಸ್ತಿಲು ತುಳಿಯಲ್ಲ ಅಂದಿದ್ದೀನಿ. ಮಾತು ಅಂದ್ರೆ ಮಾತು" ಎಂದ. ನಮ್ಮ ವಂಶದ ಹಟ, ನನಗೆ ಗೊತ್ತಿಲ್ಲವೇ. ಅತ್ತೆ ಸ್ವಲ್ಪ ಯೋಚಿಸಿ ಮೋಡರಾಯನಿಗೆ ಫೋನ್ ಮಾಡಿದರು. ಅವನು ಬಂದು ಟೀವಿಯನ್ನೂ ಹಳೇ ಯಂತ್ರವನ್ನೂ ಹೊತ್ತು ತಂದು ಬಾಗಿಲ ಪಕ್ಕಕ್ಕೆ ಓರೆಯಾಗಿ ಇಟ್ಟ. ನಾನು ಹೊಸ್ತಿಲ ಒಳಗೆ ಕುರ್ಚಿಯಲ್ಲಿ, ಬೆನ್ನಿಗೆ ಬಿಸಿನೀರಿನ ಚೀಲ. ಅಣ್ಣ ಹೊಸ್ತಿಲ ಹೊರಗೆ ಸಲಕರಣೆ ಪೆಟ್ಟಿಗೆಯ ಮೇಲೆ. ನಡುವೆ ತಂತಿ.

ನನ್ನ ಡಿಸ್ಕ್ ಹಾಕಿದರೆ ಯಂತ್ರ ಗೊರಗೊರ ಎಂದಿತು, ಓದಲಿಲ್ಲ. ಹನ್ನೊಂದು ವರ್ಷದ ಬೂಷ್ಟು. ಎಲ್ಲರೂ ಅಣ್ಣನ ಕೈಯಲ್ಲಿದ್ದ ಹೊಸ ಡಬ್ಬಿ ನೋಡಿದರು. ಅವನು ಅದನ್ನು ನನ್ನ ಕೈಗೆ ಕೊಟ್ಟ. ನಾನು ತಿರುಗಿ, ಅವನ ಮುಖ ನೋಡಿ, ಎರಡೂ ಕೈಯಲ್ಲಿ ತೆಗೆದುಕೊಂಡೆ. ಆಮೇಲೆ ಹಲ್ಲಿನಿಂದ ಸೀಲು ಕಿತ್ತೆ. "ಭಾವ!" ಎಂದು ಮೋಡರಾಯ ಕಿರುಚಿದ. ಒಳಗೆ ಚೀಟಿಯಿರಲಿಲ್ಲ, ಡಿಸ್ಕೇ ಇತ್ತು.

ಯಂತ್ರಕ್ಕೆ ನಮ್ಮ ನೆನಪಿತ್ತು. ನೇರವಾಗಿ ಆ ಜಲಪಾತದ ಮುಂದೆಯೇ ತಂದು ನಿಲ್ಲಿಸಿತು.

ಆರು ಸಲ ಮುಳುಗಿದೆವು. ನಾನು ದಿಕ್ಕು ತಪ್ಪಿಸಿದೆನೆಂದು ಅವನು, ಅವನು ಹುಟ್ಟು ನಿಧಾನ ಹಾಕಿದನೆಂದು ನಾನು. ಮೆಟ್ಟಿಲು ಹತ್ತಿ ಬಂದವರೆಲ್ಲ ಬೈಯಲು ಬಾಯಿ ತೆರೆದು, ನೋಡುತ್ತ ನಿಂತುಬಿಡುತ್ತಿದ್ದರು. ಏಳನೇ ಸಲ ದೋಣಿ ಬಂಡೆಯಿಂದ ಒಂದು ಗೇಣಿನಲ್ಲಿ ತಪ್ಪಿಸಿಕೊಂಡಿತು. "ಎಡಕ್ಕೋ! ಎಡಕ್ಕೆ, ಲೋ ಕತ್ತೆ, ಎಡಾ!" ಎಂದು ಅಣ್ಣ ಪೆಟ್ಟಿಗೆಯಿಂದ ಹಾರಿ ಎದ್ದು, ಮುನ್ನುಗ್ಗಿ ಬಂದು, ನನ್ನ ಕೈಯ ಮೇಲೆ ಕೈಯಿಟ್ಟು ತಿರುಗಿಸಿದ.

ಆಗಲೇ ಹೆಂಡತಿ ಮಧ್ಯಾಹ್ನದ ಊಟಕ್ಕೆಂದು ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದಳು. ಹೊಸ್ತಿಲ ಒಳಗಿದ್ದ ಗ್ರೀಸ್ ಮೆತ್ತಿದ ಬೂಟುಗಳನ್ನು ನೋಡಿದಳು. ಬಾಯಿ ತೆರೆದಳು. ಬೇಡ ಎಂದು ಕಣ್ಣಿನಲ್ಲೇ ಬೇಡಿಕೊಂಡೆ. ಅವಳು ಸದ್ದಿಲ್ಲದೆ ಅವನನ್ನು ಬಳಸಿಕೊಂಡು ಅಡುಗೆಮನೆಗೆ ಹೋಗಿ ಒಂದು ತಟ್ಟೆ ಹೆಚ್ಚು ತೆಗೆದಳು. ಅತ್ತೆ ರಿಜಿಸ್ಟರಿನಲ್ಲಿ ಏನೋ ಬರೆಯಹೋಗಿ, ಮುಚ್ಚಿಟ್ಟರು.

ಜಲಪಾತ ದಾಟಲಿಲ್ಲ. ದೋಣಿ ಚೂರುಚೂರಾಯಿತು. "ನಿನ್ನಿಂದಲೇ" ಎಂದ ಅಣ್ಣ, ನಮ್ಮ ಸೋಫಾದ ಮೇಲೆ ಕೂತುಕೊಳ್ಳುತ್ತ.

ಏಪ್ರಿಲ್ 2, ಮಂಗಳವಾರ

ಹಾರೆಯಮ್ಮ ಬೆನ್ನು ಮುಟ್ಟಿದ ತಕ್ಷಣ, "ನೆನ್ನೆ ಎಷ್ಟು ಹೊತ್ತು ಕೂತಿದ್ರಿ?" ಎಂದಳು. ಐದು ಗಂಟೆ ಎಂದೆ. ಅವಳು ಎರಡೂ ಹೆಬ್ಬೆರಳು ಇಳಿಸಿದಳು. ಒಂದು ತಿಂಗಳ ಕೆಲಸ ನೀರಿನಲ್ಲಿ ಹೋಮವಾಯಿತಂತೆ. ಮತ್ತೆ ಮೊದಲಿನಿಂದ ಶುರು, ಮಂಚ ಬಿಟ್ಟು ಏಳುವಂತಿಲ್ಲ.

ನೋವು: ಹತ್ತಕ್ಕೆ ಒಂಬತ್ತೂವರೆ.

ಭಾನುವಾರ ಅಣ್ಣ ಬರುತ್ತಾನೆ. ಟೀವಿಯನ್ನು ಮಂಚದ ಕಡೆ ತಿರುಗಿಸಿಡಲು ಹೇಳಿದ್ದೇನೆ.